ಬೆಂಗಳೂರು ಸೀಮೆಯ ಚಳಿಗಾಲದಲ್ಲಿ ಹಸುಗಳ ಮೇವು ಮತ್ತು ಆರೈಕೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಡಿಸೆಂಬರ್ ಮತ್ತು ಜನವರಿಯ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ಕೆಲವು ರಾತ್ರಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿಯುತ್ತದೆ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರ ಮಾತು. ಕಟ್ಟಡಗಳ ಕಾವಿಲ್ಲದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ಬಯಲಿನಲ್ಲಿ ಚಳಿ ಇನ್ನೂ ಸ್ವಲ್ಪ ಹೆಚ್ಚು. ಹಾಲು ಕರೆಯುವ ಸೀಮೆ ಹಸುವಿಗೆ ಈ ಚಳಿ ಶತ್ರುವಲ್ಲ; ವರ್ಷದಲ್ಲಿ ಅದು ಅತ್ಯಂತ ಹಿತವಾಗಿ ಉಸಿರಾಡುವ, ಚೆನ್ನಾಗಿ ಮೇಯುವ ಕಾಲ ಇದೇ. ಆದರೂ ಇದೇ ತಿಂಗಳುಗಳಲ್ಲಿ ಕರುಗಳು ಭೇದಿ ಮತ್ತು ಶ್ವಾಸಕೋಶದ ಸೋಂಕಿನಿಂದ ಸಾಯುವುದನ್ನೂ, ಪಡ್ಡೆಗಳು (ಇನ್ನೂ ಕರು ಹಾಕದ ಎಳೆ ಹಸುಗಳು) ಬಡಕಲಾಗುವುದನ್ನೂ, ಕೆಚ್ಚಲು ಬಾವು ಕಾಣಿಸಿಕೊಳ್ಳುವುದನ್ನೂ ನಾವು ನೋಡುತ್ತೇವೆ. ಇದಕ್ಕೆ ಕಾರಣವನ್ನು ಥರ್ಮಾಮೀಟರಿನಲ್ಲಿ ಹುಡುಕುವುದಕ್ಕಿಂತ ಒದ್ದೆ ಮೈಯಲ್ಲಿ, ಒದ್ದೆ ನೆಲದಲ್ಲಿ, ಬೀಸುವ ಗಾಳಿಯಲ್ಲಿ ಮತ್ತು ರಾತ್ರಿಯ ಖಾಲಿ ಹೊಟ್ಟೆಯಲ್ಲಿ ಹುಡುಕಬೇಕು ಎಂಬುದು ಈ ಬರಹದ ಮುಖ್ಯ ವಾದ. ಮುಂದಿನ ಹೆಜ್ಜೆಗಳೆಲ್ಲ ಅದನ್ನೇ ಆಧರಿಸಿವೆ.

ಮೊದಲು ತಿಳಿಯಬೇಕಾದ ಲೆಕ್ಕ

ಮಾಂಸಕ್ಕಾಗಿ ಹಸು ಸಾಕುವ ಕೆನಡಾ ಮತ್ತು ಅಮೆರಿಕದ ಬಯಲುಗಳಲ್ಲಿ ಚಳಿಗಾಲವೆಂದರೆ ಹಿಮ. ಅಲ್ಲಿನವರು ಪ್ರತಿ ಹಸುವಿಗೂ ಒಂದು ಕೆಳಮಿತಿಯ ಉಷ್ಣಾಂಶವಿದೆಯೆಂದು ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಕೆಳಗೆ ಇಳಿದರೆ ಹಸು ತನ್ನ ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚುವರಿ ಮೇವನ್ನು ಸುಡಬೇಕಾಗುತ್ತದೆ. ಚಳಿಗಾಲದ ಸಾಧಾರಣ ರೋಮ ಬೆಳೆದಿರುವ, ಮೈ ಒಣಗಿರುವ ಹಸುವಿಗೆ ಈ ಮಿತಿ ಸುಮಾರು 0 ಡಿಗ್ರಿ ಸೆಲ್ಸಿಯಸ್. ಅದೇ ಹಸುವಿನ ಮೈ ಒದ್ದೆಯಾದರೆ ಮಿತಿ ಸುಮಾರು 15 ಡಿಗ್ರಿಗೆ ಏರುತ್ತದೆ. ಮಿತಿಗಿಂತ ಇಳಿದ ಪ್ರತಿ ಒಂದು ಡಿಗ್ರಿಗೂ ಶಕ್ತಿಯ ಅಗತ್ಯ ಸರಿಸುಮಾರು ಶೇಕಡಾ 2ರಷ್ಟು ಹೆಚ್ಚುತ್ತದೆ.

ಆ 15 ಡಿಗ್ರಿ ನಮ್ಮ ಊರಿನ ಡಿಸೆಂಬರ್ ಬೆಳಗಿನ ಜಾವದ ಉಷ್ಣಾಂಶವೇ ಆಗಿದೆ. ಅಂದರೆ ಹಿಮವೇ ಬೀಳದ ಬೆಂಗಳೂರಿನಲ್ಲಿಯೂ ನಸುಕಿಗೆ ತಣ್ಣೀರು ಹೊಯ್ದು ತೊಳೆದ ಹಸುವಿಗೆ ಚಳಿ ನಿಜಕ್ಕೂ ಹತ್ತುತ್ತದೆ. ನಮ್ಮ ಹಸುಗಳಿಗೆ ದಟ್ಟ ರೋಮವೂ ಇಲ್ಲ. ದಿನಕ್ಕೆ 15 ಲೀಟರ್ ಕೊಡುವ, ಹೊಟ್ಟೆ ತುಂಬ ಮೇಯುವ ಹಸು ತನ್ನೊಳಗೇ ಸಾಕಷ್ಟು ಕಾವು ಹುಟ್ಟಿಸಿಕೊಳ್ಳುವುದರಿಂದ ಇದನ್ನು ತಡೆದುಕೊಳ್ಳುತ್ತದೆ. ಹಾಲು ಬತ್ತಿದ ಹಸು, ಬಡಕಲು ಪಡ್ಡೆ, ಮುದಿ ಹಸು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮೂರು ವಾರದೊಳಗಿನ ಕರು ತಡೆದುಕೊಳ್ಳಲಾರವು. ಎಳೆ ಕರುವಿನ ಮೈ ಒಣಗಿದ್ದರೂ ಅದರ ಕೆಳಮಿತಿ 10ರಿಂದ 15 ಡಿಗ್ರಿಯಷ್ಟು ಮೇಲಿರುತ್ತದೆ. ಹೀಗಾಗಿ ಚಳಿಗಾಲದ ಆರೈಕೆಯ ದೊಡ್ಡ ಪಾಲು ಹಾಲು ಕೊಡದ ಪ್ರಾಣಿಗಳಿಗೆ ಸಲ್ಲಬೇಕು. ನಮ್ಮ ಕೊಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ.

ಹೆಜ್ಜೆ 1: ನವೆಂಬರಿನಲ್ಲೇ ಹಸುಗಳನ್ನು ಅಳೆದು ನೋಡಿ

ತೂಕ ತಿಳಿಯದೆ ಮೇವಿನ ಲೆಕ್ಕ ಹಾಕಲಾಗದು. ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇದ್ದರೆ ತೂಕ ಸುಮಾರು 396 ಕಿಲೋ.

ನಂತರ ಮೈಕಟ್ಟು ನೋಡಬೇಕು. ಪಶುವೈದ್ಯರು ಇದನ್ನು 1ರಿಂದ 5ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಕರು ಹಾಕುವ ವೇಳೆಗೆ 3ರಿಂದ 3.5 ಇರಬೇಕು. ಕಣ್ಣಳತೆಯಲ್ಲಿ ಹೇಳುವುದಾದರೆ ಪಕ್ಕೆಲುಬುಗಳು ಒಂದೊಂದಾಗಿ ಎಣಿಸುವಂತೆ ಕಂಡರೆ ಹಸು ಸೋತಿದೆ ಎಂದರ್ಥ. ಕೈಯಿಂದ ಒತ್ತಿದಾಗ ಮಾತ್ರ ಪಕ್ಕೆಲುಬು ಸಿಕ್ಕರೆ ಸರಿಯಿದೆ. ಸೋತ ಹಸುವನ್ನು ಜನವರಿಯಲ್ಲಿ ಚೇತರಿಸುವುದಕ್ಕಿಂತ ನವೆಂಬರಿನಲ್ಲಿ ಚೇತರಿಸುವುದು ಸುಲಭ, ಅಗ್ಗ.

ಇದೇ ವೇಳೆ ಹಸುಗಳನ್ನು ಗುಂಪು ಮಾಡಬೇಕು. ಎರಡು ಮೂರು ಹಸು ಇರುವವರಿಗೆ ಗುಂಪೇನು ಎನ್ನಿಸಬಹುದು. ಆದರೆ ಒಂದೇ ತೊಟ್ಟಿಯಲ್ಲಿ ಬಲವಾದ ಹಸು ಪಡ್ಡೆಯನ್ನು ನೂಕಿ ತಿನ್ನುವುದು, ಉಳಿದ ಕಡ್ಡಿಯನ್ನು ಪಡ್ಡೆಯ ಮುಂದೆ ತಳ್ಳುವುದು ಎಲ್ಲೆಡೆ ಕಾಣುವ ಸಂಗತಿ. ಪಡ್ಡೆ ಮತ್ತು ಬಡಕಲು ಹಸುವಿಗೆ ಬೇರೆ ಗೂಟ, ಬೇರೆ ತೊಟ್ಟಿ ಇರಲಿ. ಅವುಗಳನ್ನು ಗಾಳಿ ನುಗ್ಗುವ ಬಾಗಿಲ ಬಳಿ ಕಟ್ಟಬಾರದು.

ಹೆಜ್ಜೆ 2: ಮೇವಿನ ದಾಸ್ತಾನು

ಬೆಂಗಳೂರು ಗ್ರಾಮಾಂತರ, ರಾಮನಗರ, ಮಾಗಡಿ ಕಡೆ ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ ನಡೆಯುತ್ತದೆ. ರಾಗಿ ಹುಲ್ಲು ನಮ್ಮ ಸೀಮೆಯ ದೊಡ್ಡ ಸಂಪತ್ತು. ಭತ್ತದ ಹುಲ್ಲಿಗಿಂತ ಇದು ಚೆನ್ನಾಗಿ ಜೀರ್ಣವಾಗುತ್ತದೆ, ಸುಣ್ಣದ ಅಂಶವೂ ಹೆಚ್ಚು. ಆದರೆ ಕೊಯ್ಲಿನ ಹೊತ್ತಿಗೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಬರುವುದುಂಟು. ನೆನೆದ ಹುಲ್ಲನ್ನು ಹಾಗೆಯೇ ಮೆದೆ ಹಾಕಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಹುಲ್ಲನ್ನು ಸಣ್ಣ ಗುಪ್ಪೆಗಳಾಗಿ ಹರಡಿ, ಹೊರಳಿಸಿ, ಮುರಿದಾಗ ಕಡ್ಡಿ ಚಟ್ಟನೆ ಮುರಿಯುವಷ್ಟು ಒಣಗಿದ ಮೇಲೆಯೇ ಮೆದೆ ಒಟ್ಟಬೇಕು. ಮೆದೆಯ ಕೆಳಗೆ ಕಲ್ಲು ಅಥವಾ ಮರದ ತುಂಡುಗಳ ಅಟ್ಟಣೆ, ಮೇಲೆ ನೀರು ಇಳಿದು ಹೋಗುವಂತೆ ಇಳಿಜಾರು, ಕೊಟ್ಟಿಗೆಯಿಂದ ದೂರ. ಬೆಂಕಿಯ ಭಯದಿಂದ ಈ ದೂರ ಅತ್ಯಗತ್ಯ. ಬೂಷ್ಟು ಹಿಡಿದ ಹುಲ್ಲನ್ನಾಗಲಿ ಕಡಲೆಕಾಯಿ ಹಿಂಡಿಯನ್ನಾಗಲಿ ಒಣಗಿಸಿ ಹಾಕಿದರೆ ತೊಂದರೆಯಿಲ್ಲ ಎಂಬ ನಂಬಿಕೆ ತಪ್ಪು. ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಮತ್ತು ಅದರ ಒಂದು ರೂಪ ಹಾಲಿನ ಮೂಲಕ ಮನೆಯ ಮಕ್ಕಳ ಲೋಟಕ್ಕೂ ಬರುತ್ತದೆ. ಅಂಥದ್ದನ್ನು ತಿಪ್ಪೆಗೆ ಹಾಕುವುದೇ ಸರಿ.

ಎಷ್ಟು ಹುಲ್ಲು ಬೇಕು? ಡಿಸೆಂಬರಿನಿಂದ ಮೇ ಕೊನೆಯವರೆಗೆ 180 ದಿನ, ಹಸುವಿಗೆ ದಿನಕ್ಕೆ 5 ಕಿಲೋದಂತೆ 900 ಕಿಲೋ. ಮೂರು ಹಸುಗಳಿಗೆ 2.7 ಟನ್. ಮೇವು ಕತ್ತರಿಸುವ ಯಂತ್ರವಿಲ್ಲದಿದ್ದರೆ ಹಸು ಎಳೆದು ಚೆಲ್ಲುವ ಪಾಲನ್ನೂ ಸೇರಿಸಿಕೊಳ್ಳಬೇಕು.

ರಾಗಿ ಹುಲ್ಲಿನಲ್ಲಿ ಸಸಾರಜನಕ ತೀರ ಕಡಿಮೆ, ಶೇಕಡಾ 3ರಿಂದ 4. ಯೂರಿಯಾ ಉಪಚಾರ ಮಾಡಿದರೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಬೇಕು. ಸಾಮಾನ್ಯವಾಗಿ 21 ದಿನ ಸಾಕೆನ್ನುತ್ತಾರೆ. ತಂಪಿನಲ್ಲಿ ಈ ಕ್ರಿಯೆ ನಿಧಾನವಾಗುವುದರಿಂದ ಡಿಸೆಂಬರಿನಲ್ಲಿ 28 ದಿನ ಬಿಡುವುದು ಒಳ್ಳೆಯದು. ತೆರೆದ ಮೇಲೆ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದು, ಘಾಟು ಹೋಗುವಂತೆ ಒಂದೆರಡು ಗಂಟೆ ಹರಡಿ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಇದನ್ನು ಕೊಡಲೇಬಾರದು. ಯೂರಿಯಾ ಕರಗಿಸಿದ ನೀರು ಬಕೆಟ್ಟಿನಲ್ಲಿ ಉಳಿದು ಹಸುವಿನ ಬಾಯಿಗೆ ಸಿಕ್ಕರೆ ಸಾವು ಖಚಿತವೆನ್ನುವಷ್ಟು ಅಪಾಯವಿದೆ. ಆ ಬಕೆಟ್ಟನ್ನು ತೊಳೆದು ಬೋರಲು ಹಾಕಿಯೇ ಮುಂದಿನ ಕೆಲಸಕ್ಕೆ ಹೋಗಬೇಕು.

ಹಸಿ ಮೇವಿನ ವಿಷಯದಲ್ಲಿ ಚಳಿಗಾಲಕ್ಕೆ ಒಂದು ವಿಶೇಷವಿದೆ. ನೇಪಿಯರ್ ಜಾತಿಯ ಹುಲ್ಲುಗಳು ಬಿಸಿ ಬಯಸುವ ಬೆಳೆಗಳಾದ್ದರಿಂದ ರಾತ್ರಿ ತಣ್ಣಗಾದಂತೆ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಜುಲೈಯಲ್ಲಿ 45 ದಿನಕ್ಕೆ ಸಿಗುತ್ತಿದ್ದ ಕೊಯ್ಲು ಜನವರಿಯಲ್ಲಿ ಸಿಗದು. ಅದೇ ತಂಪಿನಲ್ಲಿ ಕುದುರೆ ಮಸಾಲೆ ಸೊಪ್ಪು ಮತ್ತು ತೋಕೆಗೋಧಿ ಸೊಗಸಾಗಿ ಬರುತ್ತವೆ. ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿದ ತೋಕೆಗೋಧಿ ಸುಮಾರು ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಮೇವಿನ ಬೀಜೋತ್ಪಾದನಾ ಕ್ಷೇತ್ರವಿದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ಮೀಸಲಾದ ರಾಷ್ಟ್ರೀಯ ಸಂಸ್ಥೆಯಿದೆ. ಇಷ್ಟು ಹತ್ತಿರದಲ್ಲಿ ಇಷ್ಟು ಪರಿಣತಿ ಇರುವ ಊರು ಬೇರೆ ಎಷ್ಟಿದ್ದಾವು? ಬೀಜ ಮತ್ತು ಸಲಹೆಗೆ ಅಲ್ಲಿಗೆ ಹೋಗಲು ನಮ್ಮ ರೈತರು ಸಂಕೋಚಪಡಬಾರದು. ಮಳೆಗಾಲದ ಮುಸುಕಿನ ಜೋಳವನ್ನು ಕಾಳು ಹಾಲುತುಂಬಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿಯಿಸಿದ ಹಸಿ ಮೇವು) ಮಾಡಿಟ್ಟಿದ್ದರಂತೂ ಚಳಿಗಾಲದ ಅರ್ಧ ಚಿಂತೆ ತೀರಿದಂತೆ.

ಹೆಜ್ಜೆ 3: ದಿನದ ಪಡಿ ಮತ್ತು ಅದರ ಹೊತ್ತು

ಹಸು ದಿನಕ್ಕೆ ತನ್ನ ತೂಕದ ಶೇಕಡಾ 2.5ರಿಂದ 3ರಷ್ಟು ಒಣ ಪದಾರ್ಥವನ್ನು, ಅಂದರೆ ನೀರಿನಂಶ ಕಳೆದು ಉಳಿಯುವ ಮೇವನ್ನು, ತಿನ್ನಬೇಕು. 400 ಕಿಲೋ ತೂಗುವ, 10 ಲೀಟರ್ ಹಾಲು ಕೊಡುವ ಹಸುವಿಗೆ 20 ಕಿಲೋ ಹಸಿ ಮೇವು, 4 ಕಿಲೋ ರಾಗಿ ಹುಲ್ಲು, ಮೈ ಪೋಷಣೆಗೆ 1.5 ಕಿಲೋ ಮತ್ತು ಹಾಲಿನ ಪ್ರತಿ ಲೀಟರಿಗೆ 400 ಗ್ರಾಂ ಲೆಕ್ಕದಲ್ಲಿ ಒಟ್ಟು 5.5 ಕಿಲೋ ಫೀಡು (ಸಿದ್ಧ ಪಶು ಆಹಾರ) ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಇದರ ಜೊತೆಗೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು. ಹಾಲು ಬತ್ತಿಸಿದ ಗಬ್ಬದ ಹಸುವಿಗೆ ಫೀಡನ್ನು ಪೂರ್ತಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹೊಟ್ಟೆಯಲ್ಲಿನ ಕರು ಅತಿ ವೇಗವಾಗಿ ಬೆಳೆಯುವುದು ಆ ಕೊನೆಯ ಎರಡು ತಿಂಗಳಲ್ಲಿಯೇ. ಆ ಹಸುವಿಗೆ ಕನಿಷ್ಠ 2 ಕಿಲೋ ಫೀಡು ಸಲ್ಲಬೇಕು, ಚಳಿಯಲ್ಲಿ ಇನ್ನರ್ಧ ಕಿಲೋ ಹೆಚ್ಚಾದರೂ ನಷ್ಟವಿಲ್ಲ.

ಪ್ರಮಾಣದಷ್ಟೇ ಮುಖ್ಯವಾದದ್ದು ಹೊತ್ತು. ಒಣ ಹುಲ್ಲಿನ ನಾರು ಹಸುವಿನ ಮೊದಲ ಹೊಟ್ಟೆಯಲ್ಲಿ ಹುಳಿಯುವಾಗ ಕಾವು ಹುಟ್ಟುತ್ತದೆ. ತಿಂದ ಕೆಲವು ಗಂಟೆಗಳ ನಂತರ ಆ ಕಾವು ಹೆಚ್ಚುತ್ತದೆ. ಆದ್ದರಿಂದ ದಿನದ ಒಣ ಹುಲ್ಲಿನ ಮುಕ್ಕಾಲು ಪಾಲನ್ನು ಸಂಜೆ ಹಾಲು ಕರೆದ ನಂತರ, ರಾತ್ರಿ ಎಂಟರ ಸುಮಾರಿಗೆ ತೊಟ್ಟಿಗೆ ತುಂಬಬೇಕು. ಆಗ ಅತಿ ತಣ್ಣಗಿನ ನಸುಕಿನ ಹೊತ್ತಿನಲ್ಲಿ ಹಸು ಮೆಲುಕು ಹಾಕುತ್ತ ಬೆಚ್ಚಗೆ ಮಲಗಿರುತ್ತದೆ. ಸಂಜೆ ಆರಕ್ಕೆ ಫೀಡು ತಿನ್ನಿಸಿ, ಬರಿಯ ತೊಟ್ಟಿಯ ಮುಂದೆ ಬೆಳಗಿನವರೆಗೆ ಕಟ್ಟಿಹಾಕುವ ಕೊಟ್ಟಿಗೆಯಲ್ಲಿ ಎಷ್ಟು ಪರದೆ ಕಟ್ಟಿದರೂ ಪ್ರಯೋಜನ ಕಡಿಮೆ.

ಹಸಿ ಮೇವನ್ನು ಹಗಲಿಗೆ ಇಟ್ಟುಕೊಳ್ಳಬೇಕು, ಅದೂ ಇಬ್ಬನಿ ಆರಿದ ಮೇಲೆ. ಇಬ್ಬನಿಯಿಂದ ತೊಯ್ದ ಕುದುರೆ ಮಸಾಲೆ ಸೊಪ್ಪನ್ನು ಹಸಿದ ಹಸುವಿಗೆ ಬೆಳಿಗ್ಗೆ ಮೊದಲಿಗೇ ಹಾಕಿದರೆ ಹೊಟ್ಟೆ ಉಬ್ಬರ ಬರಬಹುದು. ಮೊದಲು ಒಂದೆರಡು ಕಿಲೋ ಒಣ ಹುಲ್ಲು, ನಂತರ ಬಾಡಿಸಿದ ಸೊಪ್ಪು. ಅವರೆಕಾಯಿ ಕಾಲದಲ್ಲಿ ಮಾರುಕಟ್ಟೆಗಳಿಂದಲೂ ಮನೆಗಳಿಂದಲೂ ರಾಶಿಗಟ್ಟಲೆ ಬರುವ ಸಿಪ್ಪೆಗೂ ಇದೇ ನಿಯಮ. ಅದು ಒಳ್ಳೆಯ ಮೇವು; ಆದರೆ ಮೊದಲ ದಿನ ಎರಡು ಕಿಲೋದಿಂದ ಆರಂಭಿಸಿ ವಾರದಲ್ಲಿ ಏರಿಸಬೇಕು, ಬಿಸಿಯೇರಿದ ಅಥವಾ ಲೋಳೆಯಾದ ಸಿಪ್ಪೆಯನ್ನು ಬಿಡಬೇಕು, ಪ್ಲಾಸ್ಟಿಕ್ ಚೀಲದ ತುಣುಕುಗಳನ್ನು ಕೈಯಾರೆ ಆಯಬೇಕು. ನೀರಿಲ್ಲದೆ ಬಾಡಿದ ಎಳೆಯ ಜೋಳದ ಕೂಳೆಯ (ಕೊಯ್ದ ಬುಡದ) ಚಿಗುರಿನಲ್ಲಿ ಸಯನೈಡ್ ವಿಷವಿರುತ್ತದೆ. ಮೊಣಕಾಲೆತ್ತರದ ಅಂಥ ಚಿಗುರಿನ ಬಳಿಗೆ ಹಸುವನ್ನು ಬಿಡಬಾರದು.

ಸಂಕ್ರಾಂತಿಯ ದಿನದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಆ ದಿನ ಮನೆಮನೆಯವರೂ ಪ್ರೀತಿಯಿಂದ ಹುಗ್ಗಿ, ಅನ್ನ, ಬಾಳೆಹಣ್ಣು, ಬೆಲ್ಲ ತಿನ್ನಿಸುತ್ತಾರೆ, ಮತ್ತು ಬೇಯಿಸಿದ ಧಾನ್ಯ ಒಮ್ಮೆಲೇ ಕಿಲೋಗಟ್ಟಲೆ ಹೊಟ್ಟೆ ಸೇರಿದಾಗ ಹುಳಿ ಹೆಚ್ಚಾಗಿ ಹಸು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಭೇದಿ ಹಿಡಿದು ನೆಲಕ್ಕೊರಗುತ್ತದೆ. ಶಾಸ್ತ್ರಕ್ಕೆ ಒಂದು ಹಿಡಿ ಸಾಕು. ಮೈ ತೊಳೆಯುವುದನ್ನು ನಸುಕಿನಿಂದ ಬಿಸಿಲೇರಿದ ಹೊತ್ತಿಗೆ ಬದಲಿಸಿ, ಗಬ್ಬದ ಹಸುವನ್ನು ಕಿಚ್ಚು ಹಾಯಿಸದೆ ದೂರದಿಂದಲೇ ಆರತಿ ಬೆಳಗಿದರೆ ಹಬ್ಬಕ್ಕೂ ಕುಂದಿಲ್ಲ, ಹಸುವಿಗೂ ಕ್ಷೇಮ.

ಹೆಜ್ಜೆ 4: ನೀರು

ಚಳಿಯಲ್ಲಿ ಹಸುವಿಗೆ ಬಾಯಾರಿಕೆ ಕಡಿಮೆ ಎಂದುಕೊಂಡು ದಿನಕ್ಕೆರಡು ಬಾರಿ ಮಾತ್ರ ನೀರು ತೋರಿಸುವವರಿದ್ದಾರೆ. ಒಣ ಹುಲ್ಲು ಹೆಚ್ಚು ತಿನ್ನುವ ಕಾಲದಲ್ಲಿ ನೀರು ಕಡಿಮೆಯಾದರೆ ಮೇವು ತಿನ್ನುವುದೂ, ಹಾಲೂ ಎರಡೂ ಇಳಿಯುತ್ತವೆ. 10 ಲೀಟರ್ ಕರೆಯುವ ಹಸುವಿಗೆ ದಿನಕ್ಕೆ 50ರಿಂದ 60 ಲೀಟರ್ ಬೇಕೇ ಬೇಕು. ರಾತ್ರಿಯಿಡೀ ಸಿಮೆಂಟ್ ತೊಟ್ಟಿಯಲ್ಲಿ ನಿಂತು ತಣ್ಣಗಾದ ನೀರಿಗಿಂತ ಬೋರ್‌ವೆಲ್‌ನಿಂದ ಆಗ ತಾನೇ ಬಂದ ನೀರು ಬೆಚ್ಚಗಿರುತ್ತದೆ. ಬೆಳಿಗ್ಗೆ ಅದನ್ನೇ ಕುಡಿಸಬೇಕು.

ಹೆಜ್ಜೆ 5: ಕೊಟ್ಟಿಗೆಯನ್ನು ಒಣಗಿಸಿ, ಉಸಿರುಗಟ್ಟಿಸಬೇಡಿ

ಇಲ್ಲಿ ಚಳಿಗಾಲದ ಗಾಳಿ ಬಹುತೇಕ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆ ಎರಡು ಬದಿಗೆ ಗೋಣಿಚೀಲ ಹೊಲಿದ ಪರದೆಯನ್ನು ನೆಲದಿಂದ ಹಸುವಿನ ಬೆನ್ನಿನ ಎತ್ತರದವರೆಗೆ ಕಟ್ಟಿ, ಅದರ ಮೇಲೆ ಸೂರಿನವರೆಗೆ ತೆರೆದೇ ಬಿಡಬೇಕು. ನಾಲ್ಕೂ ಬದಿ ಟಾರ್ಪಾಲಿನಿಂದ ಮುಚ್ಚಿದ ಕೊಟ್ಟಿಗೆಗೆ ಬೆಳಿಗ್ಗೆ ಹೋದಾಗ ನಿಮ್ಮ ಕಣ್ಣು ಉರಿದರೆ, ಗಂಜಲದ ಅಮೋನಿಯಾ ರಾತ್ರಿಯಿಡೀ ಕರುವಿನ ಶ್ವಾಸಕೋಶವನ್ನು ಸುಟ್ಟಿದೆ ಎಂದು ತಿಳಿಯಬೇಕು. ಸೊಳ್ಳೆಗೆಂದು ಹಾಕುವ ಹೊಗೆಯೂ ಅಷ್ಟೇ: ಸಂಜೆ ಅರ್ಧ ಗಂಟೆ, ಕೊಟ್ಟಿಗೆಯ ಹೊರಗೆ, ಕಣ್ಣೆದುರಿಗೆ, ರಾತ್ರಿಗೆ ಪೂರ್ತಿ ಆರಿಸಬೇಕು.

ನೆಲ ಒಣಗಿರುವುದು ಪರದೆಗಿಂತ ಮುಖ್ಯ. ರಾತ್ರಿ ಮಲಗುವ ಮುನ್ನ ಸಗಣಿ ಎತ್ತಿ, ಗಂಜಲ ಕಾಲುವೆ ಕಡ್ಡಿ ಕಟ್ಟದೆ ಹರಿಯುತ್ತಿದೆಯೇ ನೋಡಿ, ಸಿಮೆಂಟ್ ನೆಲವಾದರೆ ರಬ್ಬರ್ ಮ್ಯಾಟ್ ಅಥವಾ ತೊಟ್ಟಿಯಲ್ಲಿ ಉಳಿದ ಒಣ ಹುಲ್ಲು ಹಾಸಬೇಕು. ಕೊಟ್ಟಿಗೆ ತೊಳೆಯುವ ಕೆಲಸ ಬೆಳಿಗ್ಗೆ ಹತ್ತರ ನಂತರ ನಡೆದರೆ ನೆಲ ಸಂಜೆಯೊಳಗೆ ಒಣಗುತ್ತದೆ. ಹಸುಗಳ ಮೈ ತೊಳೆಯುವುದಿದ್ದರೂ ಅದೇ ಹೊತ್ತಿಗೆ, ಬಿಸಿಲಲ್ಲಿ.

ಡೇರಿಗೆ ಬೆಳಗಿನ ಹಾಲು ಹಾಕಬೇಕಾದ್ದರಿಂದ ನಸುಕಿನ ಕರೆಯುವಿಕೆ ತಪ್ಪದು. ಆಗ ಹಸುವಿನ ಹಿಂಭಾಗಕ್ಕೆಲ್ಲ ತಣ್ಣೀರು ಎರಚುವ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆಚ್ಚಲನ್ನು ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆದು ಕರೆಯಬೇಕು. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಕೂಡಲೇ ಮಲಗದಂತೆ ಮುಂದೆ ಮೇವು ಹಾಕಬೇಕು. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಣ ಗಾಳಿಗೆ ಮೊಲೆ ಬಿರಿಯುವುದರಿಂದ ಗ್ಲಿಸರಿನ್ ಬೆರೆತ ದ್ರಾವಣ ಈ ಕಾಲಕ್ಕೆ ಉತ್ತಮ.

ವಾಯುಭಾರ ಕುಸಿತದ ಜಡಿಮಳೆ ಎರಡು ಮೂರು ದಿನ ಹಿಡಿದಾಗ ನಮ್ಮ ಊರಿನ ನಿಜವಾದ ಚಳಿಗಾಲ ಬರುತ್ತದೆ. ಹಗಲೂ ಬಿಸಿಲಿಲ್ಲ, ಗಾಳಿ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಹಸುಗಳನ್ನು ಹೊರಗೆ ಕಟ್ಟಬಾರದು, ಒಣ ಹುಲ್ಲನ್ನು ಒಂದು ಕಿಲೋ ಹೆಚ್ಚಿಸಬೇಕು, ನೆನೆದ ಪ್ರಾಣಿಯನ್ನು ಒಣ ಗೋಣಿಯಿಂದ ಉಜ್ಜಿ ಒರೆಸಬೇಕು.

ಹೆಜ್ಜೆ 6: ಕರು

ಕರು ಹುಟ್ಟಿದ ಕೂಡಲೇ ಮೂಗು ಬಾಯಿಯ ಲೋಳೆ ತೆಗೆದು, ಒಣ ಗೋಣಿಯಿಂದ ಮೈ ಗಸಗಸನೆ ಉಜ್ಜಿ ಪೂರ್ತಿ ಒಣಗಿಸಬೇಕು. ತಾಯಿ ನೆಕ್ಕಲಿ, ಆದರೆ ಜನವರಿಯ ನಸುಕಿನಲ್ಲಿ ಅದನ್ನೇ ನೆಚ್ಚಿ ಕೂರಬಾರದು. ಹೊಕ್ಕುಳನ್ನು ಶೇಕಡಾ 7ರ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. 30 ಕಿಲೋ ಕರುವಿಗೆ ಒಂದೂವರೆ ಲೀಟರ್ ಗಿಣ್ಣು ಹಾಲನ್ನು ಎರಡು ಗಂಟೆಯೊಳಗೆ, ಇನ್ನೊಂದೂವರೆ ಲೀಟರನ್ನು ಹನ್ನೆರಡು ಗಂಟೆಯೊಳಗೆ ಕುಡಿಸಬೇಕು. ತಾಯಿಯ ಮಾಸು ಬೀಳಲಿ ಎಂದು ಕಾಯುವುದು ಕರುವಿನ ಪ್ರಾಣಕ್ಕೆ ಎರವಾಗುತ್ತದೆ. ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹೀರುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೆ ಕುಗ್ಗುತ್ತ ಹೋಗುತ್ತದೆ.

ಆಮೇಲೆ ತೂಕದ ಹತ್ತನೆಯ ಒಂದು ಪಾಲು ಹಾಲು ಎಂಬ ರೂಢಿಯ ಲೆಕ್ಕವನ್ನು ಚಳಿಯ ವಾರಗಳಲ್ಲಿ ಅರ್ಧ ಲೀಟರಿನಿಂದ ಒಂದು ಲೀಟರ್ ಹೆಚ್ಚಿಸಿ, ಎರಡರ ಬದಲು ಮೂರು ಹೊತ್ತಿಗೆ ಹಂಚಬೇಕು. ಹಾಲು ಮೈಬಿಸಿಯಷ್ಟೇ, ಅಂದರೆ 38ರಿಂದ 39 ಡಿಗ್ರಿ ಬೆಚ್ಚಗಿರಬೇಕು. ಮಾರುವ ಹಾಲಿನಿಂದ ಒಂದು ಲೀಟರ್ ಬಿಡುವುದು ಕಷ್ಟವೆನಿಸುತ್ತದೆ ಎಂಬುದು ನಿಜ. ಆದರೆ ಆ ಲೀಟರು ಎರಡು ವರ್ಷದ ನಂತರದ ಹಸುವಿನ ಬಂಡವಾಳ.

ಹಾಸಿನ ಹುಲ್ಲು ಕರು ಮಲಗಿದಾಗ ಕಾಲುಗಳು ಮುಚ್ಚುವಷ್ಟು ದಪ್ಪವಿರಬೇಕು. ಅದು ಒಣಗಿದೆಯೇ ಎಂದು ತಿಳಿಯಲು ಅದರ ಮೇಲೆ ಮಂಡಿಯೂರಿ ಕೂತು ನೋಡಿ, ಪಂಚೆ ತೇವವಾದರೆ ಬದಲಿಸಿ. ಗೋಣಿಚೀಲದ ಹೊದಿಕೆ ರಾತ್ರಿಗೆ ಒಳ್ಳೆಯದು, ಬೆಳಿಗ್ಗೆ ಬಿಚ್ಚಿ ಬಿಸಿಲಿಗೆ ಹಾಕಬೇಕು. ಒದ್ದೆ ಹೊದಿಕೆಗಿಂತ ಬರಿ ಮೈಯೇ ಮೇಲು. ಕರುವಿನ ಸಹಜ ಮೈಬಿಸಿ 38.5ರಿಂದ 39.5. ಅದು 37.8ಕ್ಕಿಂತ ಇಳಿದು, ಕಿವಿ ತಣ್ಣಗಾಗಿ, ಚೀಪುವ ಬಲ ಕಡಿಮೆಯಾದರೆ ಬೆಚ್ಚಗಿನ ಕೋಣೆಗೆ ತಂದು, ಉಜ್ಜಿ, ವೈದ್ಯರನ್ನು ಕರೆಯಬೇಕು. ಪಶು ಸಂಜೀವಿನಿ ಆಂಬುಲೆನ್ಸ್‌ನ ಸಂಖ್ಯೆ 1962.

ಹೆಜ್ಜೆ 7: ರೋಗ, ಲಸಿಕೆ, ಜಾತ್ರೆಯಿಂದ ಬಂದ ದನ

ಮಳೆಗಾಲ ಮುಗಿದ ಮೇಲೆ ಸಗಣಿ ಪರೀಕ್ಷೆ ಮಾಡಿಸಿ ಜಂತುನಾಶಕ ಕೊಡಬೇಕು. ಕೆರೆಯಂಗಳದ ಹುಲ್ಲು ತಿನ್ನುವ ಹಸುಗಳಿಗೆ ಬಸವನಹುಳುವಿನಿಂದ ಹರಡುವ ಪಿತ್ತಜನಕಾಂಗದ ಹುಳುವಿನ ಬಗ್ಗೆಯೂ ವೈದ್ಯರಿಗೆ ತಿಳಿಸಬೇಕು. ಚಳಿಯಲ್ಲಿ ಹೇನು ಹೆಚ್ಚುತ್ತದೆ, ಕುತ್ತಿಗೆ ಮತ್ತು ಬಾಲದ ಬುಡ ನೋಡಿ.

ಕಾಲುಬಾಯಿ ಜ್ವರದ ಲಸಿಕೆ ನಾಲ್ಕು ತಿಂಗಳು ಮೀರಿದ ಎಲ್ಲ ದನಗಳಿಗೂ ಆರು ತಿಂಗಳಿಗೊಮ್ಮೆ ಆಗಬೇಕು. 2013ರಲ್ಲಿ ಈ ರೋಗ ಕರ್ನಾಟಕದ ಹಳ್ಳಿಗಳಲ್ಲಿ ಮಾಡಿದ ಅನಾಹುತವನ್ನು ಕಂಡವರು ಲಸಿಕೆಯ ದಿನ ಹಾಲು ಸ್ವಲ್ಪ ಇಳಿಯುತ್ತದೆಂದು ಬೇಡವೆನ್ನಲಾರರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಡೆಯುವುದೂ ಇದೇ ಚಳಿಯಲ್ಲಿ. ಅಲ್ಲಿಂದ ಬಂದ ಪ್ರಾಣಿಯನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ಮನೆಯ ಹಸುಗಳ ಕೆಲಸ ಮುಗಿಸಿದ ಮೇಲೆಯೇ ಅದರ ಆರೈಕೆಗೆ ಹೋಗಬೇಕು, ಬಕೆಟ್ಟೂ ಹಗ್ಗವೂ ಬೇರೆಯಿರಬೇಕು.

ಹೆಜ್ಜೆ 8: ಚಳಿ ಬಿಡುವಾಗ

ಶಿವರಾತ್ರಿಯ ಸುಮಾರಿಗೆ ಮಧ್ಯಾಹ್ನದ ಬಿಸಿಲು 30 ಡಿಗ್ರಿ ದಾಟತೊಡಗುತ್ತದೆ, ರಾತ್ರಿ ಇನ್ನೂ ತಂಪಾಗಿರುತ್ತದೆ. ಪರದೆಗಳನ್ನು ಮೊದಲು ಹಗಲಿನಲ್ಲಿ ಸುತ್ತಿ ಕಟ್ಟಿ, ಕರುಗಳ ಬದಿಯದನ್ನು ಕೊನೆಗೆ ತೆಗೆಯಬೇಕು. ಪಡಿಯನ್ನು ಒಂದೇ ದಿನ ಬದಲಿಸದೆ, ಹೆಚ್ಚಿಸಿದ್ದ ಒಣ ಹುಲ್ಲನ್ನು ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ನೀರು ತೋರಿಸುವ ಸರದಿಯನ್ನು ಹೆಚ್ಚಿಸಿ, ಉಳಿದ ಮೆದೆಯನ್ನು ಅಳೆದು ಮೇ ಕೊನೆಯವರೆಗೆ ಬರುತ್ತದೆಯೇ ಎಂದು ಆಗಲೇ ನೋಡಬೇಕು; ಕೊರತೆ ಕಂಡರೆ ಏಪ್ರಿಲ್ಲಿನಲ್ಲಿ ಹುಲ್ಲಿನ ಬೆಲೆ ಏರುವ ಮೊದಲೇ ಕೊಳ್ಳುವುದು ಲೇಸು.